ದಪ್ಪ ಮೆಣಸಿನಕಾಯಿ ದಿನದ ಬಕೆಟ್ಟು

ಮೂಳೆ ಆಸ್ಪತ್ರೆಯ ಅಡುಗೆಮನೆಯಲ್ಲಿ ಸೋಮವಾರ, ಬುಧವಾರ, ಶುಕ್ರವಾರ ಬಂತೆಂದರೆ ದೊಡ್ಡಕ್ಕನ ಹುಬ್ಬು ಬೆಳಗ್ಗೆಯೇ ಗಂಟಿಕ್ಕಿಕೊಳ್ಳುತ್ತಿತ್ತು. ವಾರದ ಆ ಮೂರು ದಿನ ದಪ್ಪ ಮೆಣಸಿನಕಾಯಿಯ ದಿನ. ಹತ್ತು ಕಿಲೋ ಕಾಯಿ ಎರಡು ಡಬ್ಬಗಳಲ್ಲಿ ಬಂದು ಕಲ್ಲಿನ ಮೇಜಿನ ಮೇಲೆ ಕೂರುತ್ತಿತ್ತು. ಕೆಂಪು, ಹಳದಿ, ಹಸಿರು. ನೋಡಲು ಚೆಂದವೇ. ಎಣ್ಣೆ ಸವರಿ ಒರೆಸಿಟ್ಟ ಹಾಗೆ ಹೊಳಪು, ಮುಟ್ಟಿದರೆ ತಣ್ಣಗೆ, ಬೆರಳಲ್ಲಿ ತಟ್ಟಿದರೆ ಟೊಳ್ಳು ಸದ್ದು. ಆ ಚೆಂದ ಕಂಡರೇ ದೊಡ್ಡಕ್ಕನಿಗೆ ಮೈಯೆಲ್ಲ ಉರಿ.

"ಒಳಗೆಲ್ಲ ಗಾಳಿ. ಗಾಳಿ ತುಂಬ್ಕೊಂಡು ಹೇಗೆ ಕೂತಿವೆ ನೋಡು, ಬಾಡಿಗೆ ಕೇಳೋಕೆ ಬಂದಿರೋ ಯಜಮಾನನ ಥರ," ಎನ್ನುತ್ತಿದ್ದಳು.

"ಹೂಂ ಅತ್ತಿಗೆ," ಎನ್ನುತ್ತಿದ್ದಳು ನಾದಿನಿ, ಚಾಕು ಮಸೆಯುತ್ತ. ನಾದಿನಿ ಎಂದರೆ ದೊಡ್ಡಕ್ಕನ ಗಂಡನ ತಂಗಿ. ಹತ್ತು ವರ್ಷದಿಂದ ಅದೇ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುವ ಕೆಲಸ ಅವಳದು. ಮಾತು ಕಡಿಮೆ. ಅದರಲ್ಲೂ ಅತ್ತಿಗೆಯ ದನಿ ಒಂದು ಮೆಟ್ಟಿಲು ಏರಿತೆಂದರೆ ಅವಳ ಬಾಯಿಗೆ ಬೀಗವೇ ಬೀಳುತ್ತಿತ್ತು. ಮದುವೆಗೆ ಮುಂಚೆ ಮನೆಯಲ್ಲೂ ಹಾಗೆಯೇ ಇದ್ದಳು; ಗಂಡನ ಮನೆಗೆ ಹೋದ ಮೇಲೂ ಅಭ್ಯಾಸ ಬಿಟ್ಟುಹೋಗಲಿಲ್ಲ.

ದೊಡ್ಡಕ್ಕ ಆ ಅಡುಗೆಮನೆಯ ಯಜಮಾನಿ. ಅವಳ ಕೈಕೆಳಗೆ ನಾದಿನಿಯೂ ಸೇರಿ ನಾಲ್ಕು ಜನ ಹೆಂಗಸರು. ವಾರ್ಡಿನಲ್ಲಿ ನಲವತ್ತೈದು ಹಾಸಿಗೆ. ಯಾರ ಬಲಗೈಗೆ ಬ್ಯಾಂಡೇಜು ಬಿದ್ದಿದೆ, ಯಾರಿಗೆ ಎಡಗೈಯಲ್ಲಿ ಚಮಚ ಹಿಡಿಯಲು ಬರುವುದಿಲ್ಲ, ಯಾರ ದವಡೆಗೆ ತಂತಿ ಕಟ್ಟಿ ಗಂಜಿ ಸೂಪಿನ ಹೊರತು ಇನ್ನೇನೂ ಇಳಿಯುವುದಿಲ್ಲ, ಎಲ್ಲವೂ ಅವಳ ಬೆರಳ ತುದಿಯಲ್ಲಿತ್ತು. ಹತ್ತೊಂಬತ್ತು ವರ್ಷದಲ್ಲಿ ಒಂದು ದಿನವೂ ಹನ್ನೆರಡೂವರೆಯ ಊಟದ ಗಾಡಿ ಹನ್ನೆರಡು ಮೂವತ್ತೈದಕ್ಕೆ ಹೊರಟಿದ್ದಿಲ್ಲ.

ಅಂಥ ಅಡುಗೆಮನೆಗೇ ಈಗ ಕುತ್ತು ಬಂದಿತ್ತು. ಊಟದ ಕಂಪನಿಯೊಂದು, ಬೇಯಿಸಿ ಮುಚ್ಚಿ ಅಂಟಿಸಿದ ತಟ್ಟೆಗಳನ್ನು ದಿನಾ ತಂದು ಕೊಡುತ್ತೇವೆ ಎಂದು ಆಸ್ಪತ್ರೆಯ ಆಡಳಿತದವರ ಮುಂದೆ ಬಂದು ಕೂತಿತ್ತು. ಆಡಳಿತದವರು ಯೋಚಿಸಿದರು. ರೋಗಿಗಳು ಈಗಿನ ಊಟ ತಿನ್ನುತ್ತಿದ್ದಾರೋ ಎಸೆಯುತ್ತಿದ್ದಾರೋ ಮೊದಲು ನೋಡೋಣ ಎಂದರು. ಆರು ವಾರ, ದಿನಾ ಮಧ್ಯಾಹ್ನ, ತಟ್ಟೆಯಲ್ಲಿ ಮಿಕ್ಕಿ ಬಂದದ್ದನ್ನು ಬಕೆಟ್ಟಿಗೆ ಹಾಕಿ ತೂಗಬೇಕು. ಸರಾಸರಿ ಮೂರು ಕಿಲೋ ಒಳಗಿದ್ದರೆ ಅಡುಗೆಮನೆ ಉಳಿಯುತ್ತದೆ. ಮೂರು ದಾಟಿದರೆ ಒಲೆ ಆರಿಸಿ, ಬಾಗಿಲಿಗೆ ಬೀಗ.

"ಮೂರು ಕಿಲೋನಾ? ನಮ್ಮಲ್ಲಿ ಒಂದೂವರೆ ದಾಟಲ್ಲ ಬಿಡಿ," ಎಂದು ದೊಡ್ಡಕ್ಕ ಮೊದಲ ದಿನ ನಕ್ಕಿದ್ದಳು.

ಆ ನಗು ಈಗ ಅವಳಿಗೇ ನೆನಪಿರಲಿಲ್ಲ. ಮಂಗಳವಾರ ಗುರುವಾರಗಳಂದು ಬಕೆಟ್ಟು ಎರಡು ಕಿಲೋದೊಳಗೇ ಇರುತ್ತಿತ್ತು. ದಪ್ಪ ಮೆಣಸಿನಕಾಯಿಯ ದಿನ ಬಂತೆಂದರೆ ನಾಲ್ಕೂವರೆ, ನಾಲ್ಕೂ ಮುಕ್ಕಾಲು, ಒಮ್ಮೆ ಐದು.

ಆರನೆಯ ವಾರದ ಸೋಮವಾರ ಮಧ್ಯಾಹ್ನ ಎರಡು ಗಂಟೆಗೆ, ನಲ್ಲಿಯ ಪಕ್ಕದ ನೀಲಿ ಬಕೆಟ್ಟನ್ನು ಎಂದಿನಂತೆ ತೂಕದ ಕೊಕ್ಕೆಗೆ ನೇತುಹಾಕಿದರು. ತೂಗುವವಳು ಪಟ್ಟಿ ಮೇಡಂ. ರೋಗಿಗಳ ಊಟದ ಪಟ್ಟಿ ಬರೆಯುವ ಹುಡುಗಿ. ಓದು ಮುಗಿಸಿ ಇಲ್ಲಿಗೆ ಬಂದು ಮೂರು ತಿಂಗಳೂ ಆಗಿರಲಿಲ್ಲ. ದಪ್ಪ ಮೆಣಸಿನಕಾಯಿಯನ್ನು ಪಟ್ಟಿಗೆ ಸೇರಿಸಿದ್ದೂ ಅವಳೇ. ಮೂಗಿಗೆ ಕರವಸ್ತ್ರ ಒತ್ತಿ, ಎರಡು ಮಾರು ದೂರ ನಿಂತು, ಕತ್ತು ಚಾಚಿ ಮುಳ್ಳು ನೋಡಿದಳು.

"ನಾಲ್ಕು ಕಿಲೋ ಎಂಟುನೂರು," ಎಂದಳು ಕರವಸ್ತ್ರದೊಳಗಿಂದ.

"ಇನ್ನೊಂದ್ಸಲ ನೋಡಿ ಮೇಡಂ."

"ಎರಡು ಸಲ ನೋಡ್ದೆ ದೊಡ್ಡಕ್ಕ. ನಾಲ್ಕು ಎಂಟೇ. ಸರಾಸರಿ ಮೂರರ ಮೇಲೆ ಹೋಯ್ತು. ಶನಿವಾರ ಬೆಳಗ್ಗೆ ಮೀಟಿಂಗು. ಸಹಿ ಹಾಕಿ."

ದೊಡ್ಡಕ್ಕ ಸಹಿ ಹಾಕಿದಳು. ಹಾಕುವಾಗ ಪೆನ್ನು ಹಾಳೆಯನ್ನು ಹರಿದುಬಿಡುವಷ್ಟು ಒತ್ತಿದಳು.

"ಮೇಡಂ, ಕೈ ಮುಗಿತೀನಿ, ಈ ಕಾಯಿ ಬಿಟ್ಟುಬಿಡಿ. ಕಿತ್ತಳೆ ಕೊಡಿ. ನಿಂಬೆ ಕೊಡಿ. ಏನು ಬೇಕಾದ್ರೂ ಕೊಡಿ."

"ಕಿತ್ತಳೆಗಿಂತ ಇದ್ರಲ್ಲೇ ಸಿ ಜೀವಸತ್ವ ಜಾಸ್ತಿ. ಕೆಂಪಲ್ಲಿ ಇನ್ನೂ ಜಾಸ್ತಿ. ಗಾಯ ಮಾಯೋಕೆ, ಮೂಳೆ ಕೂಡೋಕೆ ಬೇಕೇ ಬೇಕು. ನಾರೂ ಇದೆ. ಮಲಗಿದ್ದಲ್ಲೇ ಮಲಗಿರೋರಿಗೆ ಹೊಟ್ಟೆ ಸಲೀಸಾಗಬೇಕು ತಾನೆ? ಖಾರ ಇಲ್ಲ, ಬೇಗ ಬೇಯುತ್ತೆ, ಹಸಿದಾಗ ಹಸೀನೂ ತಿನ್ನಬಹುದು."

"ಗುಣ ಎಲ್ಲ ಬಕೆಟ್ಟಿಗೆ ಹೋಗ್ತಿದೆ. ಬಕೆಟ್ಟಿನ ಮೂಳೆ ಗಟ್ಟಿಯಾಗ್ತಿದೆ ಅಷ್ಟೆ."

"ಹಾಗಾದ್ರೆ ಬೇರೆ ಥರ ಮಾಡಿ ನೋಡಿ ದೊಡ್ಡಕ್ಕ."

ದೊಡ್ಡಕ್ಕನಿಗೆ ರೇಗಿದ್ದು ಆಗ. ಬೇರೆ ಥರ! ಇನ್ನೆಷ್ಟು ಥರ? ಮೊದಲ ವಾರ ಉದ್ದುದ್ದ ಹೆಚ್ಚಿ ಈರುಳ್ಳಿಯ ಜೊತೆ ಹುರಿದಿದ್ದಳು. ಎರಡನೆಯ ವಾರ ಮೊಟ್ಟೆ ಒಡೆದು ಕಲಸಿ ಬೇಯಿಸಿದಳು. ಮೂರನೆಯ ವಾರ ಅನ್ನದಲ್ಲಿ ಸೇರಿಸಿದಳು, ಸೂಪಿನಲ್ಲಿ ಕರಗಿಸಿದಳು. ನಾಲ್ಕನೆಯ ವಾರ ಆಲೂಗಡ್ಡೆ ತುರುಕಿ ನಲವತ್ತೈದು ಕಾಯಿ ಇಡಿಯಾಗಿ ಬೇಯಿಸಿದಳು. ಕೂಸನ್ನು ಕೂರಿಸುವ ಹಾಗೆ ಒಂದೊಂದನ್ನೂ ತಟ್ಟೆಯಲ್ಲಿ ನೆಟ್ಟಗೆ ಕೂರಿಸಿದ್ದಳು. ಸಿಪ್ಪೆ ಒಗರು, ಅದಕ್ಕೇ ಬಿಡುತ್ತಿದ್ದಾರೇನೋ ಎಂದು ಐದನೆಯ ವಾರದಿಂದ ಹತ್ತೂ ಕಿಲೋ ಕಾಯಿಯನ್ನು ಬೆಂಕಿಯಲ್ಲಿ ಸುಟ್ಟು, ಕರಿ ಸಿಪ್ಪೆಯನ್ನು ನಾದಿನಿಯ ಕೈಲಿ ಸುಲಿಸಿ, ಒಳಗಿನ ಮೆತ್ತನೆಯ ತಿರುಳನ್ನು ಉಪ್ಪು ನಿಂಬೆ ಹಾಕಿ ಅರೆದು ರೊಟ್ಟಿಗೆ ಸವರಿ ಕೊಡುತ್ತಿದ್ದಳು. ಸುಡುವಾಗ ಅವಳ ಬೆರಳ ತುದಿಯೆಲ್ಲ ಬೊಬ್ಬೆ. ಬಕೆಟ್ಟು ಇಳಿಯುವುದಿರಲಿ, ಐದು ಕಿಲೋ ಮುಟ್ಟಿದ್ದು ಆ ವಾರವೇ!

ಅದಕ್ಕಿಂತ ಹೆಚ್ಚಾಗಿ ಅವಳ ತಲೆ ಕೆಡಿಸಿದ್ದು ರೋಗಿಗಳ ಮಾತು. ಯಾರನ್ನು ಕೇಳಿದರೂ ಚೆನ್ನಾಗಿದೆ ಎನ್ನುತ್ತಿದ್ದರು.

ಆ ಸಂಜೆ ಅವಳು ಸೀದಾ ವಾರ್ಡಿಗೆ ಹೋದಳು. ಬಾಗಿಲ ಪಕ್ಕದ ಹಾಸಿಗೆಯಲ್ಲಿ ಟೀಚರಮ್ಮ ಇದ್ದರು. ಸೊಂಟದ ಮೂಳೆ ಮುರಿದು ತಿಂಗಳಿಂದ ಮಲಗಿದ್ದವರು. ನಿವೃತ್ತರಾದರೂ ಸಿಕ್ಕವರ ಕಾಗುಣಿತ ತಿದ್ದುವ ಚಟ ಬಿಟ್ಟಿರಲಿಲ್ಲ.

"ಟೀಚರಮ್ಮ, ಇವತ್ತಿನ ಊಟ ಹೇಗಿತ್ತು?"

"ತುಂಬ ಚೆನ್ನಾಗಿತ್ತು ಕಣಮ್ಮ. ಆ ಸುಟ್ಟ ಮೆಣಸಿನಕಾಯಿದು ಇನ್ನೊಂದು ಚೂರು ಇದ್ದಿದ್ರೆ ತಿಂತಿದ್ದೆ."

"ಹೌದಾ? ಮತ್ತೆ ಐದು ಕಿಲೋ ಬಕೆಟ್ಟಲ್ಲಿ ಬಿದ್ದಿದೆಯಲ್ಲ, ಅದೇನು ಗೋಡೆ ಬಿಟ್ಟಿದ್ದಾ? ಜೀವನಪೂರ್ತಿ ಮಕ್ಕಳಿಗೆ ಸುಳ್ಳು ಹೇಳಬಾರದು ಅಂತ ಪಾಠ ಮಾಡಿ, ಈಗ ನೀವೇ ಹೀಗಾ? ಚೆನ್ನಾಗಿಲ್ಲ ಅಂದ್ರೆ ಚೆನ್ನಾಗಿಲ್ಲ ಅನ್ನಿ. ನಾನೇನು ನುಂಗಿಬಿಡ್ತೀನಾ?"

ಟೀಚರಮ್ಮ ಹೊದಿಕೆಯ ಅಂಚನ್ನು ಬೆರಳಲ್ಲಿ ಸುತ್ತುತ್ತ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡರು. ಪಕ್ಕದ ಹಾಸಿಗೆಯ ಡ್ರೈವರಣ್ಣ, ಕಾಲನ್ನು ಹಗ್ಗದಲ್ಲಿ ಮೇಲಕ್ಕೆ ಕಟ್ಟಿಸಿಕೊಂಡಿದ್ದವನು, "ಬ್ರೇಕು ಹಾಕಕ್ಕ, ಬ್ರೇಕು," ಎಂದ. ದೊಡ್ಡಕ್ಕ ಅವನನ್ನೂ ಒಮ್ಮೆ ಕಣ್ಣಲ್ಲೇ ಸುಟ್ಟು ಹೊರಬಂದಳು.

ಮನೆಗೆ ಹೋಗುವ ದಾರಿಯುದ್ದಕ್ಕೂ ಅವಳಿಗೆ ಟೀಚರಮ್ಮನ ಬೆರಳು ಕಣ್ಣಮುಂದೆ ಬಂತು. ಬಂದಷ್ಟೂ ಸಿಟ್ಟು ಹೆಚ್ಚಾಯಿತು. ಯಾರ ಮೇಲೆ ಎಂದು ಮಾತ್ರ ಗೊತ್ತಾಗಲಿಲ್ಲ.

ಬುಧವಾರ ಅವಳು ಒಂದು ತೀರ್ಮಾನಕ್ಕೆ ಬಂದಿದ್ದಳು. ಹನ್ನೆರಡೂವರೆಗೆ ಗಾಡಿ ಹೊರಟಾಗ ತಾನೂ ಹೊರಟಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ವಾರ್ಡಿನ ನಟ್ಟನಡುವೆ ಕೈಕಟ್ಟಿ ನಿಂತಳು.

"ಯಾರೂ ನನ್ನ ನೋಡ್ಬೇಡಿ. ಊಟ ಮಾಡಿ," ಎಂದಳು.

ನಲವತ್ತೈದು ಜನ ಊಟ ಬಿಟ್ಟು ಅವಳನ್ನೇ ನೋಡಿದರು.

"ಊಟ ಮಾಡಿ ಅಂದೆ."

"ಅಕ್ಕ, ಹೀಗೆ ಗುಮ್ಮನ ಥರ ನಿಂತ್ರೆ ಗಂಟಲಲ್ಲಿ ಇಳಿಯೋದಾದ್ರೂ ಹೇಗೆ?" ಎಂದ ಡ್ರೈವರಣ್ಣ. "ನಮ್ಮ ಬಸ್ಸಿಗೆ ಚೆಕಿಂಗ್ ಹತ್ತಿದಾಗಲೂ ನನಗಿಷ್ಟು ಭಯ ಆಗಿರ್ಲಿಲ್ಲ."

"ಟಿಕೆಟ್ ಇದ್ದೋರಿಗೆ ಭಯ ಯಾಕೆ? ತಿನ್ನು."

ತಿಂದರು. ಅವಳು ಹಾಸಿಗೆಯಿಂದ ಹಾಸಿಗೆಗೆ ಹೋದಳು. ಒಬ್ಬನ ತಟ್ಟೆ ಎತ್ತಿ ಅಡಿಯಲ್ಲಿ ಬಗ್ಗಿ ನೋಡಿದಳು. ಇನ್ನೊಬ್ಬಳ ದಿಂಬಿನ ಹಿಂದೆ ಕೈಯಾಡಿಸಿದಳು. ದವಡೆಗೆ ತಂತಿ ಕಟ್ಟಿದ ಮುದುಕನ ಲೋಟದಲ್ಲಿ ಕೆಂಪು ಸೂಪು ತಳ ಕಂಡಿತ್ತು. ಅವನು ಲೋಟವನ್ನು ಅವಳ ಮುಂದೆ ಬೋರಲು ಹಾಕಿ ತೋರಿಸಿದ, ಒಂದು ಹನಿಯೂ ಬೀಳಲಿಲ್ಲ. ಡ್ರೈವರಣ್ಣ ರೊಟ್ಟಿಯ ತುಂಡಿನಲ್ಲಿ ತಟ್ಟೆಯನ್ನು ಉಜ್ಜಿ ಉಜ್ಜಿ ಕನ್ನಡಿ ಮಾಡಿ, "ತಗೊಳಿ, ತೊಳೆಯೋ ಕೆಲಸ ಮಿಕ್ತು," ಎಂದು ಕೊಟ್ಟ.

ಟೀಚರಮ್ಮ ಪೂರ್ತಿ ತಿಂದಿದ್ದರು. ಇನ್ನೊಂದು ಚೂರು ಬೇಕೆಂದು ಕೇಳಲಿಲ್ಲ. ತಟ್ಟೆಯನ್ನು ಮುಂದೆ ನೂಕಿದರು.

ಲೆಕ್ಕ ಹಾಕಿದಳು. ಏಳು ತಟ್ಟೆಯಲ್ಲಿ ಅಷ್ಟಿಷ್ಟು ಮಿಕ್ಕಿತ್ತು. ಒಬ್ಬಳಿಗೆ ಜ್ವರ, ಇಬ್ಬರಿಗೆ ಅವತ್ತೇ ಶಸ್ತ್ರಚಿಕಿತ್ಸೆ. ಉಳಿದವು ಬರಿದು. ಎಲ್ಲ ಸೇರಿ ಕಣ್ಣಂದಾಜಿಗೆ ಎರಡು ಕಿಲೋ. ದೊಡ್ಡಕ್ಕನ ಎದೆ ಹಗುರಾಯಿತು. ಗಾಡಿಯ ಹಿಂದೆಯೇ ನಡೆದು ಬಂದು, ಹಿಂಬಾಗಿಲಲ್ಲೇ ನಿಂತು ಆ ಏಳು ತಟ್ಟೆಯನ್ನು ಬಕೆಟ್ಟಿಗೆ ಒದರಿಸಿ, ಒಲೆ ಒರೆಸಲು ಒಳಗೆ ಹೋದಳು.

ಎರಡು ಗಂಟೆಗೆ ಪಟ್ಟಿ ಮೇಡಂ ಕರವಸ್ತ್ರದೊಳಗಿಂದ, "ನಾಲ್ಕು ಏಳು," ಎಂದಳು.

ದೊಡ್ಡಕ್ಕ ನಲ್ಲಿಯ ಕಟ್ಟೆಯ ಮೇಲೆ ತಲೆಯ ಮೇಲೆ ಕೈ ಹೊತ್ತು ಕೂತುಬಿಟ್ಟಳು.

"ನನಗೆ ಹುಚ್ಚು ಹಿಡಿದಿದೆಯಾ ಮೇಡಂ? ನಾನು ನೋಡ್ದೆ. ಈ ಕಣ್ಣಲ್ಲಿ ನೋಡ್ದೆ. ತಿಂದ್ರು."

"ದೊಡ್ಡಕ್ಕ, ನೀವು ನಿಂತಿದ್ದಕ್ಕೆ ತಿಂದಿರ್ಬಹುದು."

"ಹಾಗಾದ್ರೆ ಬಕೆಟ್ಟು ಇಳೀಬೇಕಿತ್ತಲ್ರೀ!"

ಪಟ್ಟಿ ಮೇಡಂ ದೂರದಿಂದಲೇ ಮುಳ್ಳನ್ನು ಇನ್ನೊಮ್ಮೆ ನೋಡಿದಳು. ಅವಳೂ ಸೋತಿದ್ದಳು ಪಾಪ. ಅವಳ ವರದಿಯ ಮೊದಲ ಸಾಲಿನಲ್ಲೇ, ರೋಗಿಗಳಿಗೆ ದಪ್ಪ ಮೆಣಸಿನಕಾಯಿ ಒಗ್ಗಿಲ್ಲ ಎಂದು ಬರೆಯಬೇಕಾಗಿತ್ತು. ಅವಳು ಆಸೆಪಟ್ಟು ಪಟ್ಟಿಗೆ ಸೇರಿಸಿದ ಮೊದಲ ತರಕಾರಿ ಅದು. ನಾದಿನಿ ಪಾತ್ರೆ ತಿಕ್ಕುತ್ತಿದ್ದವಳು ಒಮ್ಮೆ ತಲೆಯೆತ್ತಿದಳು. ಅತ್ತಿಗೆಯ ಮುಖ ನೋಡಿದಳು. ಮತ್ತೆ ಪಾತ್ರೆಗೆ ಬಗ್ಗಿದಳು.

ಗುರುವಾರವಿಡೀ ದೊಡ್ಡಕ್ಕ ಜಗತ್ತಿನಲ್ಲಿ ಎಲ್ಲರನ್ನೂ ಅನುಮಾನಿಸಿದಳು. ಗಾಡಿ ತಳ್ಳುವವನು ಕಲ್ಲು ಹಾಕುತ್ತಿದ್ದಾನೆ. ಊಟದ ಕಂಪನಿಯವರು ಯಾರನ್ನೋ ಕಳಿಸಿ ಬಕೆಟ್ಟು ತುಂಬಿಸುತ್ತಿದ್ದಾರೆ. ಕೊಕ್ಕೆ ಕೆಟ್ಟಿದೆ. ಕೊಕ್ಕೆ ಕೆಟ್ಟಿಲ್ಲ ಎಂದು ಒಂದು ಕಿಲೋ ಉಪ್ಪಿನ ಪೊಟ್ಟಣ ನೇತುಹಾಕಿ ನೋಡಿದ ಮೇಲೆ ಗೊತ್ತಾಯಿತು. ಆಗ ಪೊಟ್ಟಣದ ಮೇಲೂ ಅನುಮಾನ ಬಂತು.

ಕೊನೆಗೆ ಅವಳಿಗೆ ಉಳಿದದ್ದು ಒಂದೇ ದಾರಿ. ಶುಕ್ರವಾರ ಬೆಳಗ್ಗೆ ಏಳೂವರೆಗೆ, ಒಲೆಯನ್ನು ಇನ್ನೊಬ್ಬಳಿಗೆ ಒಪ್ಪಿಸಿ, ಮಣೆ ತಂದು, ತೊಳೆದಿಟ್ಟ ಖಾಲಿ ನೀಲಿ ಬಕೆಟ್ಟಿನ ಎದುರು ಹಾಕಿಕೊಂಡು ಕೂತಳು. ಹತ್ತೊಂಬತ್ತು ವರ್ಷದಲ್ಲಿ ಆ ಹೊತ್ತಿಗೆ ಅವಳು ಒಲೆಯ ಮುಂದೆ ಇಲ್ಲದೆ ಇದ್ದದ್ದು ಅದೇ ಮೊದಲು. ಕಣ್ಣಲ್ಲಿ ಕಣ್ಣಿಟ್ಟು ಕಾಯ್ದಳು. ಒಂದು ಕಾಗೆ ಬಂದು ಕೂತಿತು. ಅದನ್ನೂ ಅನುಮಾನಿಸಿ ಓಡಿಸಿದಳು.

ಎಂಟು ಗಂಟೆಗೆ ಹಿಂಬಾಗಿಲು ತೆರೆಯಿತು. ನಾದಿನಿ ಬಂದಳು. ಎರಡೂ ಕೈಯಲ್ಲಿ ದೊಡ್ಡ ತಟ್ಟೆ. ತಟ್ಟೆಯ ಮೇಲೆ ಗುಡ್ಡದ ಹಾಗೆ ದಪ್ಪ ಮೆಣಸಿನಕಾಯಿಯ ತೊಟ್ಟು, ಬಿಳಿ ಬಿಳಿ ಬೀಜದ ಗೊಂಚಲು, ಒಳಗಿನ ದಿಂಡು, ಮೇಲೆ ಒದ್ದೆ ಬೂದಿಯ ಹಾಗೆ ಸುಲಿದ ಕರಿ ಸಿಪ್ಪೆ. ಅತ್ತಿಗೆ ಇಲ್ಲಿ ಯಾಕೆ ಕೂತಿದ್ದಾಳೆಂದು ಒಂದು ಕ್ಷಣ ನೋಡಿದಳು. ಏನೋ ಇರಬೇಕು ಎಂದುಕೊಂಡು, ಬಗ್ಗಿ, ಅಷ್ಟನ್ನೂ ನೀಲಿ ಬಕೆಟ್ಟಿಗೆ ಸುರಿದಳು. ತಟ್ಟೆಯ ಅಂಚನ್ನು ಬಕೆಟ್ಟಿಗೆ ಎರಡು ಸಲ ಕುಟ್ಟಿ ಒದರಿದಳು, ಒಂದು ಬೀಜವೂ ನಷ್ಟವಾಗದ ಹಾಗೆ.

ದೊಡ್ಡಕ್ಕ ಮಣೆ ಬಿಟ್ಟು ಎದ್ದಳು.

"ಏನೇ ಅದು?"

"ಬೀಜ ಅತ್ತಿಗೆ."

"ಬೀಜ ಅಂತ ಕಾಣುತ್ತೆ ನನಗೆ! ಇದರಲ್ಲಿ ಯಾಕೆ ಹಾಕಿದೆ?"

"ದಿನಾ ಇದರಲ್ಲೇ ಹಾಕೋದು."

"ದಿನಾ?"

"ದಿನಾ ಅಲ್ಲ. ಸೋಮವಾರ, ಬುಧವಾರ, ಶುಕ್ರವಾರ."

"ಸಿಪ್ಪೆ ಹಾಕೋಕೆ ಬುಟ್ಟಿ ಇಲ್ವೇನೇ? ಆಲೂಗಡ್ಡೆ ಸಿಪ್ಪೆ ಬುಟ್ಟಿಗೆ ಹೋಗುತ್ತೆ, ಸೊಪ್ಪಿನ ಬೇರು ಬುಟ್ಟಿಗೆ ಹೋಗುತ್ತೆ, ಇದಕ್ಕೇನು ಬಂತು ರೋಗ? ಯಾರು ಹೇಳಿದ್ದು ನಿಂಗೆ ಇದರಲ್ಲಿ ಹಾಕು ಅಂತ?"

ನಾದಿನಿ ತಟ್ಟೆಯನ್ನು ಎದೆಗೆ ಅವಚಿಕೊಂಡಳು.

"ಹೇಳೇ!"

"ನೀವೇ ಅತ್ತಿಗೆ."

"ನಾನಾ?"

"ಮೊದಲನೇ ಸಲ ಕಾಯಿ ಬಂದಾಗ. ಮೇಕೆ ಸಾಕೋ ಅಮ್ಮ ಬುಟ್ಟಿ ತಗೊಂಡು ಹೋಗೋಕೆ ಬಂದಿದ್ಲಲ್ಲ. ಬೀಜ ನೋಡಿ, ಇದು ಬೇಡ, ಮೇಕೆ ಬಾಯಿ ಉರಿಯುತ್ತೆ ಅಂದ್ಲು. ಖಾರ ಇಲ್ಲ ಕಣಮ್ಮ ಅಂದ್ರೆ ಕೇಳ್ಲಿಲ್ಲ. ನಾನು ಬಂದು ನಿಮ್ಮನ್ನ ಕೇಳ್ದೆ. ನೀವು ಒಲೆ ಮುಂದೆ ಇದ್ರಿ. 'ಅವಳ ಮೇಕೆ ರಾಜನ ಮನೇದಾ? ಆ ನೀಲಿ ಬಕೆಟ್ಟಿಗೆ ಹಾಕು, ನನ್ನ ಪ್ರಾಣ ತಿನ್ಬೇಡ' ಅಂದ್ರಿ. ಅವತ್ತಿಂದ ಹಾಕ್ತಿದೀನಿ."

ದೊಡ್ಡಕ್ಕನಿಗೆ ನೆನಪಾಯಿತು. ಆ ಮಾತು, ಆಡಿದ ದನಿ, ಉಕ್ಕುತ್ತಿದ್ದ ಹಾಲಿನ ಸಮೇತ ನೆನಪಾಯಿತು. ಆಗಿನ್ನೂ ತೂಕವಿರಲಿಲ್ಲ. ಕೊಕ್ಕೆ ಬಂದದ್ದು ಅದಾದ ಒಂದು ವಾರಕ್ಕೆ.

"ಆದ್ರೆ ತೂಗೋಕೆ ಶುರು ಮಾಡಿದ ಮೇಲಾದ್ರೂ ಹೇಳಬಾರದಿತ್ತಾ? ತೂಗ್ತಿರೋದು ತಟ್ಟೇಲಿ ಮಿಕ್ಕಿದ್ದನ್ನ ಕಣೇ!"

"ಎಷ್ಟು ದಂಡ ಆಗುತ್ತೆ ಅಂತ ತೂಗ್ತಾರೆ ಅಂದ್ಕೊಂಡೆ. ಬೀಜನೂ ದಂಡ ತಾನೆ?" ನಾದಿನಿಯ ದನಿ ತಗ್ಗಿತು. "ಬುಧವಾರ ಸ್ವಲ್ಪ ಅನುಮಾನ ಬಂತು. ಹೇಳೋಣ ಅಂತ ತಲೆ ಎತ್ತಿದೆ. ನೀವು ಸಿಟ್ಟಲ್ಲಿದ್ರಿ."

"ನಾನು ಯಾವಾಗ್ಲೂ ಸಿಟ್ಟಲ್ಲೇ ಇರ್ತೀನಲ್ಲೇ!"

"ಅದೇ ಅತ್ತಿಗೆ," ಎಂದಳು ನಾದಿನಿ.

ದೊಡ್ಡಕ್ಕ ಬಕೆಟ್ಟನ್ನು ನೋಡಿದಳು, ನಾದಿನಿಯನ್ನು ನೋಡಿದಳು. ಬಯ್ಯಲು ಮಾತುಗಳು ನಾಲಿಗೆಯ ತುದಿಗೆ ಬಂದವು. ಯಾರ ಕಡೆ ತಿರುಗಿಸಿದರೂ ಅವು ತನ್ನ ಕಡೆಗೇ ತಿರುಗುತ್ತಿದ್ದವು. ಬೆಳಗ್ಗೆ ಎಂಟಕ್ಕೆ ತಳದಲ್ಲಿ ಬೀಜ ಸಿಪ್ಪೆ, ಒಂದೂವರೆಗೆ ಅದರ ಮೇಲೆ ಮಿಕ್ಕಿದ ಅನ್ನ. ಎರಡಕ್ಕೆ ಒಬ್ಬಳು ಮೂಗು ಮುಚ್ಚಿಕೊಂಡು ದೂರ ನಿಂತು ಮುಳ್ಳು ನೋಡುತ್ತಾಳೆ, ಇನ್ನೊಬ್ಬಳು ಸಿಟ್ಟಿನಲ್ಲಿ ಕಣ್ಣು ಕಾಣದೆ ಸಹಿ ಹಾಕುತ್ತಾಳೆ. ಬಕೆಟ್ಟಿನೊಳಗೆ ಬಗ್ಗಿ ನೋಡಿದವರು ಯಾರೂ ಇಲ್ಲ. ಒಗರು ಹೋಗಲಿ ಎಂದು ತಾನು ಬೆರಳು ಸುಟ್ಟುಕೊಂಡು ಸುಲಿಸಿದ ಸಿಪ್ಪೆಯೂ ಬಂದು ಬಿದ್ದದ್ದು ಅಲ್ಲಿಗೇ.

"ಅತ್ತಿಗೆ, ನನ್ನ ತಪ್ಪು ಅಂತ ಹೇಳ್ಬಿಡಿ," ಎಂದಳು ನಾದಿನಿ. "ನನಗೇನು ಹೆಸರು ಕೆಡೋದಿದೆ? ನೀವು ಯಜಮಾನಿ. ಪ್ರತಿ ಸಾಲಲ್ಲೂ ನಿಮ್ಮ ಸಹಿ ಇದೆ. ನಿಮ್ಮದೇ ತಪ್ಪು ಅಂದ್ರೆ ನಿಮ್ಮನ್ನೇ ತೆಗೆದುಹಾಕ್ತಾರೆ."

ಅವಳು ಹಾಗೆ ಹೇಳಿದಾಗ ದೊಡ್ಡಕ್ಕನಿಗೆ ಅದುವರೆಗೆ ಬಂದಿರದಂಥ ಸಿಟ್ಟು ಬಂತು; ಅದು ಕಣ್ಣಿಗೆ ಬಂದು ನಿಂತಿತು.

"ಸುಮ್ನಿರು. ಹತ್ತು ವರ್ಷದಿಂದ ಬಾಯಿ ಮುಚ್ಕೊಂಡಿದ್ದು ಸಾಲದಾ? ಹೋಗಿ ಪಟ್ಟಿ ಮೇಡಮ್ಮನ್ನ ಕರ್ಕೊಂಡು ಬಾ. ಕರವಸ್ತ್ರ ಬಿಟ್ಟು ಬರೋಕೆ ಹೇಳು."

ಪಟ್ಟಿ ಮೇಡಂ ಬಂದಳು. ಬಕೆಟ್ಟಿನೊಳಗೆ ನೋಡಿದಳು. ಕೇಳಿದಳು. ಮೊದಲು ಅವಳ ಮುಖ ಬಿಳಿಚಿಕೊಂಡಿತು, ಆಮೇಲೆ ಕೆಂಪಾಯಿತು.

"ಆರು ವಾರ ದೊಡ್ಡಕ್ಕ! ಆರು ವಾರ ನಾನು ಕಸ ತೂಗಿದೀನಾ? ನನ್ನ ವರದಿ ಟೈಪಾಗಿ ಹೋಗಿದೆ! ಅದರಲ್ಲಿ ಈ ಕಾಯಿ ಪಟ್ಟಿಯಿಂದ ತೆಗೀಬೇಕು ಅಂತ ಬರ್ದಿದೀನಿ! ನೀವ್ಯಾರೂ ಒಂದು ಮಾತು ಹೇಳಬಾರದಿತ್ತಾ?"

"ನೀವು ಒಂದು ಸಲ ಬಗ್ಗಿ ನೋಡಬಾರದಿತ್ತಾ?"

"ವಾಸನೆ ಬರ್ತಿತ್ತು!"

"ನನಗೆ ಸಿಟ್ಟು ಬರ್ತಿತ್ತು! ಈಗ ಜಗಳ ಆಡೋಣವಾ, ಬೀಜ ತೂಗೋಣವಾ?"

ತೂಗಿದರು. ಅವತ್ತಿನ ಹತ್ತು ಕಿಲೋ ಕಾಯಿಯ ತೊಟ್ಟು, ದಿಂಡು, ಬೀಜ ಒಂದು ಕಿಲೋ ಎಂಟುನೂರು. ಸುಟ್ಟು ಸುಲಿದ ಒದ್ದೆ ಸಿಪ್ಪೆ ಒಂಬೈನೂರು. ಎರಡು ಕಿಲೋ ಏಳುನೂರು. ಪಟ್ಟಿ ಮೇಡಂ ಕಟ್ಟೆಯ ಮೇಲೆ ಕೂತು, ಸುಟ್ಟು ಸುಲಿಯದ ವಾರಗಳಿಗೆ ಬೀಜದ ತೂಕವನ್ನಷ್ಟೇ ಕಳೆದು, ಸುಲಿದ ವಾರಗಳಿಗೆ ಎರಡನ್ನೂ ಕಳೆದು, ಮೂರು ಸಲ ಕೂಡಿ ಭಾಗಿಸಿದಳು. ಸರಾಸರಿ ಎರಡೂ ಕಾಲರ ಆಸುಪಾಸು ಬಂತು.

"ಅಂದ್ರೆ ಅವರು ತಿಂತಿದ್ರು," ಎಂದಳು ಕೊನೆಗೆ. "ಹಸಿರು, ಹಳದಿ, ಕೆಂಪು, ಎಲ್ಲಾನೂ. ಮೊದಲ ದಿನದಿಂದಲೂ."

"ತಿಂತಿದ್ರು," ಎಂದಳು ದೊಡ್ಡಕ್ಕ.

"ಆದ್ರೆ ಇದನ್ನ ಮೀಟಿಂಗಿನವರು ನಂಬಬೇಕಲ್ಲ. ನಾಳೆ ಬೀಗ ಅನ್ನುವಾಗ ಇವತ್ತು ಅಡುಗೆಮನೆಯವರು ಕಥೆ ಕಟ್ಟಿದ್ದಾರೆ ಅಂತಾರೆ."

"ಅದಕ್ಕೇ ಬರ್ಕೊಡ್ತೀನಿ. ನನ್ನ ಕೈಬರಹದಲ್ಲಿ, ನನ್ನ ಸಹಿ ಹಾಕಿ."

ಅಂದು ಊಟದ ಗಾಡಿ ಸಮಯಕ್ಕೆ ಸರಿಯಾಗಿ ಹೊರಟ ಮೇಲೆ, ದೊಡ್ಡಕ್ಕ ಒಂದು ಹಾಳೆ, ಪೆನ್ನು ಹಿಡಿದು ವಾರ್ಡಿಗೆ ಹೋದಳು. ಟೀಚರಮ್ಮನ ಹಾಸಿಗೆಯ ಪಕ್ಕದ ಸ್ಟೂಲಿನ ಮೇಲೆ ಕೂತಳು. ಎಲ್ಲಿಂದ ಶುರು ಮಾಡುವುದು ತಿಳಿಯದೆ ಕಾಲಿನಿಂದ ನೆಲ ಕೆರೆದಳು.

"ಟೀಚರಮ್ಮ, ನೀವು ಸುಳ್ಳು ಹೇಳಿರ್ಲಿಲ್ಲ. ನಾನು ಬಾಯಿಗೆ ಬಂದಂತೆ ಅಂದುಬಿಟ್ಟೆ. ಬಕೆಟ್ಟಲ್ಲಿ ಇದ್ದಿದ್ದು ಬೀಜ. ಹಾಕೋಕೆ ಹೇಳಿದ್ದು ನಾನೇ."

ಟೀಚರಮ್ಮ ಕನ್ನಡಕ ಹಾಕಿಕೊಂಡು ಅವಳ ಮುಖವನ್ನು ಚೆನ್ನಾಗಿ ನೋಡಿದರು.

"ನಾಲ್ಕು ರಾತ್ರಿ ನಿದ್ದೆ ಬರ್ಲಿಲ್ಲ ಕಣೇ ನನಗೆ," ಎಂದರು. "ಮಲಗಿದ ಕಡೆಯೇ ಸುಳ್ಳುಗಾತಿ ಅನ್ನಿಸ್ಕೊಂಡೆನಲ್ಲ ಅಂತ."

"ಗೊತ್ತು. ನನಗೂ ಬರ್ಲಿಲ್ಲ."

"ಸರಿ. ಅದೇನು ಕೈಯಲ್ಲಿ?"

"ಆಡಳಿತದವರಿಗೆ ತಪ್ಪೊಪ್ಪಿಗೆ ಬರೀಬೇಕು. ಒಂದು ಸಾಲೂ ಬರ್ತಿಲ್ಲ. ನೀವು ಹೇಳಿ, ನಾನು ಬರೀತೀನಿ."

"ಹಾಗೆಲ್ಲ ಆಗಲ್ಲ. ತಪ್ಪು ನಿಂದು, ಮಾತೂ ನಿಂದೇ ಇರಬೇಕು. ನೀನು ಬರಿ, ನಾನು ತಿದ್ದುತೀನಿ."

ಡ್ರೈವರಣ್ಣ ಕತ್ತು ಹೊರಳಿಸಿದ. "ಕೆಳಗೆ ನಾವೂ ಸಹಿ ಹಾಕ್ತೀವಿ ಬರ್ಕೊಳಿ. ತಿಂದಿದೀವಿ ಅಂತ. ಬಲಗೈ ಮುರಿದೋರು ಹೆಬ್ಬೆಟ್ಟು ಒತ್ತಲಿ, ಎಡಗೈದು."

ದೊಡ್ಡಕ್ಕ ಬರೆದಳು. ಬರೆಯಲು ಒಂದೂವರೆ ಗಂಟೆ ಹಿಡಿಯಿತು. ಟೀಚರಮ್ಮ ಹನ್ನೊಂದು ಕಡೆ ಕೆಂಪು ಗೀಟು ಎಳೆದರು, ಎರಡು ಸಲ ಹೊಸ ಹಾಳೆ ತರಿಸಿದರು. 'ನಾದಿನಿಗೆ ಹಾಗೆ ಮಾಡಲು ಹೇಳಿದ್ದು ನಾನು. ಹೇಳಿದ ಮಾತನ್ನು ತೂಕ ಶುರುವಾದ ಮೇಲೆ ಹಿಂತೆಗೆದುಕೊಳ್ಳಲು ಮರೆತದ್ದೂ ನಾನು' ಎಂಬ ಸಾಲಿನಲ್ಲಿ ಮಾತ್ರ ಒಂದು ಗೀಟೂ ಬೀಳಲಿಲ್ಲ. ಕೆಳಗೆ ನಲವತ್ತೈದು ಗುರುತು ಬಿದ್ದವು. ಕೆಲವು ಸಹಿ, ಕೆಲವು ಸೊಟ್ಟ ಗೆರೆ, ಹೆಬ್ಬೆಟ್ಟಿನ ಕಲೆಗಳು. ದವಡೆಯ ಮುದುಕ ತನ್ನ ಗುರುತಿನ ಪಕ್ಕ ಒಂದು ಲೋಟದ ಚಿತ್ರ ಬರೆದಿದ್ದ.

ಶನಿವಾರದ ಮೀಟಿಂಗು ಮುಗಿಯಲು ಹನ್ನೊಂದೂ ಮುಕ್ಕಾಲಾಯಿತು. ಅಷ್ಟು ಹೊತ್ತೂ ದೊಡ್ಡಕ್ಕ ಒಲೆಯ ಮುಂದೆ ಬೇಳೆ ತಿರುವುತ್ತಿದ್ದಳು. ಉಪ್ಪು ಹಾಕಿದ್ದೆನೋ ಇಲ್ಲವೋ ಎಂದು ನಾಲ್ಕು ಸಲ ರುಚಿ ನೋಡಿದಳು. ನಾದಿನಿ ಪಕ್ಕದಲ್ಲೇ ನಿಂತು ಬೀನ್ಸು ಮುರಿಯುತ್ತಿದ್ದಳು.

ಪಟ್ಟಿ ಮೇಡಂ ಓಡಿ ಬಂದಳು. ಕೈಯಲ್ಲಿ ಒಂದು ಆದೇಶದ ಹಾಳೆ.

"ಅಡುಗೆಮನೆ ಉಳೀತು!" ಎಂದಳು. "ಕಂಪನಿಯವರಿಗೆ ಬೇಡ ಅಂತ ಹೇಳಿದ್ರು. ದಪ್ಪ ಮೆಣಸಿನಕಾಯಿನೂ ಪಟ್ಟೀಲಿ ಉಳೀತು!"

ಇಬ್ಬರು ಹೆಂಗಸರು ಸೌಟು ಬಿಟ್ಟು ಒಬ್ಬರನ್ನೊಬ್ಬರು ತಬ್ಬಿಕೊಂಡರು. ಪಟ್ಟಿ ಮೇಡಮ್ಮನ ಮುಖದಲ್ಲಿ ಮಾತ್ರ ಇನ್ನೂ ಏನೋ ಉಳಿದಿತ್ತು.

"ಮತ್ತೇನು? ಪೂರ್ತಿ ಹೇಳಿ ಮೇಡಂ," ಎಂದಳು ದೊಡ್ಡಕ್ಕ.

"ಇನ್ನೂ ಮೂರು ತಿಂಗಳು ತೂಗಬೇಕು. ತಟ್ಟೇಲಿ ಮಿಕ್ಕಿದ್ದು ಒಂದು ಹಾಳೆ. ಬೀಜ ಸಿಪ್ಪೆ ಬೇರೆ ಹಾಳೆ. ಮತ್ತೆ..." ಅವಳು ಹಾಳೆಯನ್ನು ಮಡಿಸಿದಳು, ಬಿಡಿಸಿದಳು. "ಇನ್ನು ಮೇಲೆ ಸಹಿ ನೀವು ಹಾಕೋ ಹಾಗಿಲ್ಲ. ತರಕಾರಿ ಹೆಚ್ಚುವವರು ಹಾಕಬೇಕಂತೆ."

ನಾದಿನಿಯ ಕೈಯಲ್ಲಿದ್ದ ಬೀನ್ಸು ಅರ್ಧಕ್ಕೆ ನಿಂತಿತು.

ದೊಡ್ಡಕ್ಕ ಸೌಟನ್ನು ಪಾತ್ರೆಯ ಅಂಚಿಗೆ ಕುಟ್ಟಿ ಇಟ್ಟಳು. ಹತ್ತೊಂಬತ್ತು ವರ್ಷ! ಹಾಲು ತರಕಾರಿ ಅಕ್ಕಿ ಎಣ್ಣೆ, ಏನು ಬಂದರೂ ಅವಳ ಸಹಿಯಿಲ್ಲದೆ ಆ ಬಾಗಿಲು ದಾಟುತ್ತಿರಲಿಲ್ಲ. ಈಗ ಸಿಪ್ಪೆಗೂ ಬೇಡವಾಯಿತು. ಯಾರನ್ನಾದರೂ ಬಯ್ಯೋಣವೆಂದು ಸುತ್ತ ನೋಡಿದಳು. ಎಲ್ಲರೂ ಅವಳು ಬಯ್ಯಲಿ ಎಂದೇ ಕಾಯುತ್ತಿದ್ದ ಹಾಗಿತ್ತು.

"ನನಗೆ ಬೇಡ ಅತ್ತಿಗೆ," ಎಂದಳು ನಾದಿನಿ. "ನನ್ನ ಸಹಿ ನೆಟ್ಟಗೆ ಬರಲ್ಲ. ಮೂರನೇ ಕ್ಲಾಸಿಗೆ ಬಿಡಿಸಿಬಿಟ್ರು ನನ್ನ."

"ಬೇಡ ಅಂದ್ರೆ ಬಿಡ್ತಾರಾ? ಆದೇಶ ಕಣೇ ಅದು."

"ಹಾಕಿದ್ರೂ... ತೂಕ ಜಾಸ್ತಿ ಬಂದ್ರೆ ನೀವು ಬಯ್ತೀರ."

ದೊಡ್ಡಕ್ಕ ಕೈ ಒರೆಸಿಕೊಂಡಳು. ಪಟ್ಟಿ ಮೇಡಮ್ಮನ ಕೈಯಿಂದ ಪೆನ್ನು ಕಿತ್ತುಕೊಂಡಳು. ಹಳೆಯ ಸಾಮಾನಿನ ಪಟ್ಟಿಯೊಂದನ್ನು ಬೋರಲು ಮಾಡಿ, ನಾದಿನಿ ಸಹಿ ಬರೆದು ಕಲಿಯಲೆಂದು ಕಲ್ಲಿನ ಮೇಜಿನ ಮೇಲಿಟ್ಟಳು.

"ಬಯ್ತೀನಿ," ಎಂದಳು. "ನಾನು ಬಯ್ದಾಗ ನೀನೂ ತಿರುಗಿ ಬಯ್ಯಿ. 'ಅತ್ತಿಗೆ, ನೀವು ಹೇಳಿದ್ದು ತಪ್ಪು' ಅನ್ನು. ಬರುತ್ತಾ? ಈಗಲೇ ಒಂದ್ಸಲ ಅನ್ನು ನೋಡೋಣ."

ನಾದಿನಿ ಸುತ್ತ ನೋಡಿದಳು. ಎಲ್ಲರೂ ಅವಳನ್ನೇ ನೋಡುತ್ತಿದ್ದರು. ಅವಳ ಕಿವಿ ಕೆಂಪಾಯಿತು. ಬೆರಳು ಒಲೆಯ ಕಡೆ ತೋರಿಸಿತು.

"ಅತ್ತಿಗೆ," ಎಂದಳು, "ಬೇಳೆ ತಳ ಹಿಡೀತಿದೆ."

"ಅಯ್ಯೋ, ಅದನ್ನ ಈಗ ಹೇಳ್ತೀಯಾ!" ಎಂದು ದೊಡ್ಡಕ್ಕ ಒಲೆಗೆ ಓಡಿದಳು.